ಗೆರೆಯಿಲ್ಲದ ಹೆಬ್ಬೆರಳು

ಕಲ್ಲೇಶನಿಗೆ ಬಂದ ಕುತ್ತಕ್ಕೆಲ್ಲ ಅವನ ಕಂಠವೇ ಕಾರಣ. ಯಲಬುರ್ಗಾ ಸೀಮೆಯ ಮಂಗಳೂರಿನಲ್ಲಿ, ಎಂದರೆ ಸಮುದ್ರವಾಗಲಿ ಮೀನಾಗಲಿ ಇಲ್ಲದ ನಮ್ಮ ಮಂಗಳೂರಿನಲ್ಲಿ, ಅವನು ಪಂಚಾಯ್ತಿಯ ಗ್ರಂಥಾಲಯ ನೋಡಿಕೊಂಡಿದ್ದ. ಬೆಳಿಗ್ಗೆ ಬಾಗಿಲು ತೆಗೆದು ಪೇಪರು ಹರಡುವುದು, ಪೇಪರಿನ ಮೇಲೆ ತಲೆಯಿಟ್ಟು ಮಲಗಿದವರನ್ನು ಎಬ್ಬಿಸುವುದು, ಸಂಜೆ ಬಾಗಿಲು ಹಾಕುವುದು, ಇಷ್ಟು ಕೆಲಸಕ್ಕೆ ಕಂಠದ ಅಗತ್ಯವೇನೂ ಇರಲಿಲ್ಲ. ಆದರೆ ಶ್ರಾವಣದಲ್ಲಿ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಪುರಾಣ ಓದುವ ಹಕ್ಕು ಅವನ ಮನೆತನದ್ದು. ಕಲ್ಲೇಶ ಓದುವುದು, ಹುಚ್ಚೀರಪ್ಪಜ್ಜ ಸಾಲುಸಾಲಿಗೂ ಅರ್ಥ ಹೇಳುವುದು, ಊರು ತಲೆದೂಗುವುದು ಪ್ರತಿ ವರ್ಷವೂ ನಡೆದುಬಂದಿತ್ತು. ಅವನು ಬಾಯಿ ತೆರೆದರೆ ಅಳುವ ಕೂಸೂ ಸುಮ್ಮನಾಗುತ್ತಿತ್ತು.

ಈ ಸಲ ಶ್ರಾವಣ ಮುಗಿದರೂ ಜನ ಸಂಜೆಯಾದರೆ ಕಟ್ಟೆಗೆ ಬಂದು ಕೂರುವ ಚಾಳಿ ಬಿಡಲಿಲ್ಲ. ಬಂದು ಕೂತವರಿಗೆ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟು ಬೇರೆ ಉದ್ಯೋಗವಿರಲಿಲ್ಲ.

"ಏನಾರ ಓದಪಾ ಕಲ್ಲೇಶಿ. ಕಿವಿ ಖಾಲಿ ಬಿದ್ದಾವು" ಎಂದರು ಶೇಖರಮ್ಮ.

ಶೇಖರಮ್ಮನ ಮಾತನ್ನು ಆ ಓಣಿಯಲ್ಲಿ ಯಾರೂ ಮೀರುತ್ತಿರಲಿಲ್ಲ. ಗಂಡ ತೀರಿದ ಮೇಲೆ ಒಬ್ಬರೇ ಹೊಲ ಮಾಡಿಸಿ, ಮಗಳು ಗಂಗಾಳನ್ನು ಡಿಗ್ರಿ ಓದಿಸಿ, ದಿನಾ ಬೆಳಗ್ಗೆ ಗುಡಿಯ ದೀಪಕ್ಕೆ ಎಣ್ಣೆ ಹಾಕಿ, ಉಳಿದ ಹೊತ್ತಿನಲ್ಲಿ ಊರಿಗೆ ಬುದ್ಧಿ ಹೇಳಿಕೊಂಡಿದ್ದ ಹೆಂಗಸು. ಕಲ್ಲೇಶನ ಬಗಲ ಚೀಲದಲ್ಲಿ ಆಗ ಇದ್ದದ್ದು ಒಂದು ಹಳೆಯ ಪತ್ತೇದಾರಿ ಕಾದಂಬರಿ. ಬಳ್ಳಾರಿಯ ಡಾಕ್ಟರ್ ಸದಾನಂದ ಎಂಬಾತ ತನ್ನ ತಂಡ ಕಟ್ಟಿಕೊಂಡು ಕೂದಲು, ಉಗುರು, ರಕ್ತದ ಕಲೆಗಳನ್ನು ಸೂಕ್ಷ್ಮದರ್ಶಕದಡಿ ಹಿಡಿದು, ಒಂದು ಸುಳಿವನ್ನೂ ಬಿಟ್ಟುಕೊಡದ ಚಾಣಾಕ್ಷ ಕೊಲೆಗಾರನನ್ನು ಬೆನ್ನಟ್ಟುವ ಕತೆ. ಕಲ್ಲೇಶ ಅದನ್ನೇ ತೆಗೆದು ಓದಿದ.

ಎರಡು ದಿನ ಕಳೆಯುವುದರೊಳಗೆ ಪುರಾಣಕ್ಕಿಂತ ಹೆಚ್ಚು ಜನ ಸೇರಿದರು. ಯಾರೋ ವ್ಯಾಸಪೀಠ ತಂದಿಟ್ಟರು, ಯಾರೋ ಊದುಬತ್ತಿ ಹಚ್ಚಿದರು. ಮೊದಲ ಪೋಸ್ಟ್ ಮಾರ್ಟಮ್ಮಿನ ದಿನ ಒಬ್ಬರು ತೆಂಗಿನಕಾಯಿ ಒಡೆದರು. ಹುಚ್ಚೀರಪ್ಪಜ್ಜ ತನ್ನ ಜಾಗದಲ್ಲಿ ಬಂದು ಕೂತು, ಕೇಳದಿದ್ದರೂ ಅರ್ಥ ಹೇಳತೊಡಗಿದ.

"ಡಿ.ಎನ್.ಎ. ಅಂದ್ರ ಮತ್ತೇನಲ್ಲ, ಮನೆತನದ ಮೂಗು ಇದ್ದಂಗ. ಅಪ್ಪನ ಮೂಗು ಮಗನ ಮುಖದ ಮ್ಯಾಲ ಕುಂತಿರ್ತೈತಿ. ಅದಕ್ಕ ಬ್ಯಾರೆ ಸಾಕ್ಷಿ ಬೇಕೇನು?"

ಬೆರಳಚ್ಚಿನ ಅಧ್ಯಾಯ ಬಂದ ದಿನ, ಶಿವನು ಒಬ್ಬೊಬ್ಬರ ಹೆಬ್ಬೆರಳಿನ ಮೇಲೆ ಒಂದೊಂದು ಬಗೆಯ ಗೆರೆ ಬರೆದಿರುತ್ತಾನೆ ಎಂದು ಅಜ್ಜ ವಿವರಿಸಿದ. ಹೆಂಗಸರ ಸಾಲಿನಿಂದ ಶೇಖರಮ್ಮ ಕೈ ಎತ್ತಿ ತೋರಿಸಿದರು.

"ನನಗ ಬರಿಯೂದು ಮರತಾನ ನಿಮ್ಮ ಶಿವ. ರೊಟ್ಟಿ ಬಡದು ಬಡದು ಬೆರಳು ನುಣ್ಣಗಾಗ್ಯಾವು. ರೇಷನ್ ಅಂಗಡಿ ಮಷೀನು ನನ್ನ ಹೆಬ್ಬಟ್ಟು ತಗೊಳ್ಳಂಗೇ ಇಲ್ಲ, ಗಂಗಾನ್ನ ಕರಕೊಂಡು ಹೋಗ್ಬೇಕು. ಹಂಗಾರ ನಾ ಕೊಲಿ ಮಾಡಿದ್ರ ಸರಕಾರಕ್ಕ ಸಿಗಂಗಿಲ್ಲೇನು?"

ಕಟ್ಟೆಯೆಲ್ಲ ನಕ್ಕಿತು. ಕಲ್ಲೇಶನೂ ನಕ್ಕ.

ಪುರಾಣದ ನೇಮಗಳೆಲ್ಲ ಕಾದಂಬರಿಗೂ ಅಂಟಿಕೊಂಡವು. ಕಲ್ಲೇಶ ಮನೆಯಲ್ಲಿ ಮುಂದಿನದನ್ನು ಓದಿಕೊಂಡು ಬರುವುದು ಅವನ ಮುಖದಲ್ಲೇ ಗೊತ್ತಾಗುತ್ತದೆ, ಯಾರು ಸಾಯುತ್ತಾರೆಂಬುದು ಮೊದಲೇ ತಿಳಿದುಹೋಗುತ್ತದೆ ಎಂದು ಶೇಖರಮ್ಮ ಆಕ್ಷೇಪ ಎತ್ತಿದರು. ಅಂದಿನಿಂದ ಪುಸ್ತಕ ಗುಡಿಯ ಗೋಡೆಯ ಮಾಡದಲ್ಲಿ, ಮಡಿ ಬಟ್ಟೆಯಲ್ಲಿ ಸುತ್ತಿ ಇಡುವುದಾಯಿತು. ಸಂಜೆಯ ಹೊರತು ಯಾರೂ ಅದನ್ನು ಬಿಚ್ಚುವಂತಿಲ್ಲ, ಮುಂದಿನ ಹಾಳೆ ಇಣುಕುವಂತಿಲ್ಲ. ಎರಡನೆಯ ನೇಮವೂ ಅವರದೇ. ಓದು ಶುರುವಾದ ಮೇಲೆ ಮಂಗಲ ಆಗುವತನಕ, ಅಂದರೆ ಕೊನೆಯ ಅಧ್ಯಾಯ ಓದಿ ಆರತಿ ಎತ್ತಿ ಹುಗ್ಗಿ ಉಣ್ಣುವತನಕ, ಮನೆಯಲ್ಲಿ ಮದುವೆಯ ಮಾತು ಎತ್ತಬಾರದು.

ಈ ಎರಡನೆಯ ನೇಮ ಕಲ್ಲೇಶನಿಗೆ ನೇರವಾಗಿ ತಾಗುತ್ತಿತ್ತು. ಗ್ರಂಥಾಲಯದವನಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬಂದಿರಲಿಲ್ಲ. "ಪೇಪರ್ ಓದೂದು ಒಂದು ಕೆಲಸೇನು?" ಎಂದು ಕುಕನೂರಿನ ಒಬ್ಬರು ಚಹಾ ಕುಡಿಯುತ್ತಲೇ ಎದ್ದುಹೋಗಿದ್ದರು. ಕಾದಂಬರಿ ಅರ್ಧಕ್ಕೆ ಬಂದಾಗ ಶೇಖರಮ್ಮ ಅವನನ್ನು ಕರೆದು, "ಮಂಗಲದ ದಿನ ಕುಷ್ಟಗಿಯಿಂದ ನಮ್ಮಣ್ಣ ಗೋವಿಂದರಾಜ ಬರ್ತಾನ. ಅವತ್ತು ಗಂಗಾನ ಮಾತು ಕುಂತು ಆಡೂಣು. ಅಲ್ಲೀತನಕ ಛಂದಾಗಿ ಓದು" ಎಂದಿದ್ದರು. ಗಂಗಾ ಹೆಂಗಸರ ಸಾಲಿನ ತುದಿಯಲ್ಲಿ ಕಂಬಕ್ಕೊರಗಿ ಕೂತು, ಕಣ್ಣು ಮಿಟುಕಿಸದೆ ಕೇಳುತ್ತಿದ್ದ ಹುಡುಗಿ. ಆ ದಿನದಿಂದ ಕಲ್ಲೇಶ ಹೆಣ ಸಿಕ್ಕ ಸಾಲುಗಳನ್ನೂ ಶೃಂಗಾರದ ಧಾಟಿಯಲ್ಲಿ ಓದತೊಡಗಿದ.

ಮಂಗಲ ಬಿದ್ದದ್ದು ಸೋಮವಾರ. ಬೆಳಗಾಗುವುದರೊಳಗೆ ಗುಡಿಯ ಹಿಂದೆ ಗೋದಿ ಹುಗ್ಗಿಗೆ ಒಲೆ ಹೂಡಿದ್ದರು. ಕಲ್ಲೇಶ ಮಿಂದು, ಒಗೆದ ಅಂಗಿ ತೊಟ್ಟು, ಪುಸ್ತಕಕ್ಕೆ ಪೂಜೆ ಮಾಡಲು ಹುಚ್ಚೀರಪ್ಪಜ್ಜನ ಜೊತೆ ಗುಡಿಗೆ ಬಂದ. ಬಟ್ಟೆ ಬಿಚ್ಚಿದಾಗ ಪುಸ್ತಕ ಯಾಕೋ ಸಡಿಲವೆನಿಸಿತು. ಹಿಂದಿನ ರಟ್ಟು ತೆರೆದ. ಕೊನೆಯ ಹಾಳೆಗಳು ಇರಲಿಲ್ಲ. ಹೊಲಿಗೆಯ ಹತ್ತಿರ ಹರಿದ ಅಂಚು ಮಾತ್ರ ಉಳಿದಿತ್ತು.

"ಅಜ್ಜಾ" ಎಂದ. ಊರು ಮೆಚ್ಚಿದ ಕಂಠದಿಂದ ಅಷ್ಟೇ ಹೊರಟಿತು.

ಹುಚ್ಚೀರಪ್ಪಜ್ಜ ನೋಡಿದ. ದುಃಖಪಡಬೇಕಾದ ಮುಖ ಅರಳಿತು. ತಿಂಗಳಿಡೀ ಅರ್ಥ ಹೇಳಿದವನಿಗೆ ಈಗ ಪ್ರಯೋಗಕ್ಕೊಂದು ಅವಕಾಶ ಸಿಕ್ಕಿತ್ತು.

"ಯಾರಿಗೂ ಹೇಳಬ್ಯಾಡ. ಸ್ಥಳ ಮುಟ್ಟಬ್ಯಾಡ."

"ಸ್ಥಳದ ಮ್ಯಾಲ ನಾವ ಕುಂತೀವಿ ಅಜ್ಜಾ."

"ಹಂಗಾರ ಏಳು."

ಉಳಿದ ಹಾಳೆಗಳಲ್ಲಿ ಕೊನೆಯದರ ಮೂಲೆಯಲ್ಲಿ ಒಂದು ಎಣ್ಣೆಯ ಗುರುತು ಕಂಡಿತು. ಅಜ್ಜ ವಿಭೂತಿ ಉಂಡೆ ತಿಕ್ಕಿ ಪುಡಿ ಉದುರಿಸಿ, ಉಸಿರು ಹಿಡಿದು ಮೆಲ್ಲಗೆ ಊದಿದ. ಬಿಳಿಯ ಹೆಬ್ಬೆರಳೊಂದು ಮೂಡಿತು. ಆದರೆ ಅದರಲ್ಲಿ ಗೆರೆಯೇ ಇರಲಿಲ್ಲ. ಹಸಿಮಣ್ಣಿಗೆ ಹುಣಸೆಬೀಜ ಒತ್ತಿದ ಹಾಗೆ ನುಣ್ಣಗಿತ್ತು.

"ಕೈಗವಸು" ಎಂದ ಅಜ್ಜ, ದನಿ ತಗ್ಗಿಸಿ. "ಕಾದಂಬರ್ಯಾಗ ಕೊಲೆಗಾರ ರಬ್ಬರಿನ ಕೈಗವಸು ಹಾಕ್ಕೊಂಡು ಬಂದಿದ್ದಿಲ್ಲೇನು? ಅವತ್ತೂ ಗೆರಿ ಮೂಡ್ಲಿಲ್ಲ. ಈ ಕಳ್ಳ ಅವನ ಶಿಷ್ಯ. ಊರಾಗ ರಬ್ಬರ್ ಕೈಗವಸು ಯಾರ ಹಂತ್ಯಾಕ ಅದಾವು ಹೇಳು."

ಹೇಳಬೇಕಾದ್ದೇನಿತ್ತು. ಕರೆಂಟಿನ ಕಾಸೀಮಸಾಬನ ಹತ್ತಿರ ಇದ್ದವು. ಕೊನೆಯನ್ನು ಕದಿಯಲು ಅವನಿಗೆ ಕಾರಣವೂ ಇತ್ತು. ಕಾದಂಬರಿಯಲ್ಲಿ ಮೂವರ ಮೇಲೆ ಅನುಮಾನ: ಕೊಲೆಯಾದ ಸಾಹುಕಾರನ ಎರಡನೆಯ ಹೆಂಡತಿ, ಅವನ ಮೈದುನ, ಮತ್ತು ಮನೆಗೆ ಬಂದುಹೋಗುತ್ತಿದ್ದ ಕರೆಂಟಿನವ. ಗಂಡಸರೆಲ್ಲ ಎರಡನೆಯ ಹೆಂಡತಿಯೇ ಎಂದು ಪಟ್ಟು ಹಿಡಿದಿದ್ದರು, ಹೆಂಗಸರು ಮೈದುನನ ಕಡೆ ಬೆರಳು ತೋರಿಸುತ್ತಿದ್ದರು. ನಡುವೆ ಕಾಸೀಮಸಾಬನೊಬ್ಬನೇ ಕರೆಂಟಿನವನ ಪರವಾಗಿ ಊರಿಡೀ ವಾದಿಸುತ್ತಿದ್ದ. ಕರೆಂಟಿನವನ ಮೇಲೆ ಅನುಮಾನ ಬಂದ ದಿನದಿಂದ ಜನ ಕಾಸೀಮಸಾಬನನ್ನು ಒಳಗೆ ಕರೆಯದೆ ಮೀಟರನ್ನು ಹೊರಗಿನಿಂದಲೇ ಓದಿಸುತ್ತಿದ್ದರು.

ಅವನು ಮಂಗಲದ ಮೈಕಿಗೆ ತಂತಿ ಎಳೆಯಲು ಕಂಬದ ತುದಿಯಲ್ಲಿದ್ದ.

"ಕಾಸೀಮಸಾಬ, ನಿನ್ನ ಕೈಗವಸು ತೋರ್ಸು" ಎಂದು ಅಜ್ಜ ಕೆಳಗಿನಿಂದ ಕೂಗಿದ.

"ಯಾಕ್ರಿ?"

"ಅಷ್ಟ ತೋರ್ಸು."

ಕಾಸೀಮಸಾಬ ಬಲಗೈ ಚಾಚಿದ. ಕೈಗವಸಿನೊಳಗಿಂದ ಹೆಬ್ಬೆರಳು ಬರಿದಾಗಿ ಹೊರಗೆ ನಿಂತಿತ್ತು.

"ತಂಬಾಕು ತಿಕ್ಕಾಕಂತ ನಾನ ಕತ್ತರಿಸೀನ್ರಿ. ರಬ್ಬರಿನ್ಯಾಗ ತಿಕ್ಕಿದ್ರ ರುಚಿ ಕೆಡ್ತೈತಿ. ಯಾಕ, ಗುಡ್ಯಾಗ ಏನಾರ ಕಳದೈತೇನ್ರಿ?"

ಕಂಬದ ತುದಿಯಿಂದ ಕೇಳಿದ ಪ್ರಶ್ನೆ ಮೂರು ಓಣಿಗೆ ಮುಟ್ಟಿತು. "ಏನೂ ಕಳದಿಲ್ಲ" ಎಂದು ಕಲ್ಲೇಶ ಎಷ್ಟು ಅವಸರದಿಂದ ಹೇಳಿದನೆಂದರೆ, ಏನೋ ಕಳೆದಿದೆ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

ಅವನಿಗೆ ಈಗ ಕಳ್ಳ ಬೇಕಿರಲಿಲ್ಲ, ಕೊನೆ ಬೇಕಿತ್ತು. ಸಂಜೆಗೆ ಕೊಲೆಗಾರ ಯಾರೆಂದು ಹೇಳದಿದ್ದರೆ ಊರು ಅವನನ್ನು ಹುರಿದು ಮುಕ್ಕುತ್ತಿತ್ತು. ಅದನ್ನಾದರೂ ಸಹಿಸಬಹುದು. ಮಂಗಲವಾಗದಿದ್ದರೆ ಗಂಗಾಳ ಮಾತೇ ಏಳುವುದಿಲ್ಲ, ಗೋವಿಂದರಾಜ ಬಂದ ಬಸ್ಸಿಗೇ ತಿರುಗಿ ಹೋಗುತ್ತಾನೆ. ಕೊಪ್ಪಳದ ಕಾಲೇಜಿನಲ್ಲಿದ್ದ ಅಕ್ಕನ ಮಗಳು ಅನುಷಾಳಿಗೆ ಫೋನು ಮಾಡಿದ. ಅವಳು ಮೊಬೈಲಿನಲ್ಲೆಲ್ಲ ತಡಕಾಡಿ ಹೇಳಿದಳು: "ಮಾವಾ, ಪುಸ್ತಕ ಎಲ್ಲೂ ಸಿಗಂಗಿಲ್ಲ. ಬರದಾವ್ರು ತೀರಿಹೋಗಿ ಭಾಳ ವರ್ಷ ಆತು. ಅವರು ಬರದದ್ದು ಇದೊಂದ ಪುಸ್ತಕಂತ."

ಉಳಿದ ಆಸೆ ಒಂದೇ. ಪುಸ್ತಕದ ಮೊದಲ ಪುಟದಲ್ಲಿ ದಾನಿಗಳ ಹೆಸರಿತ್ತು: ಗಂಗಾವತಿಯ ವೆಂಕೋಬ ಶೆಟ್ಟರು, ಅಕ್ಕಿ ಗಿರಣಿ. ಕೊಟ್ಟವರು ಓದಿಯೇ ಕೊಟ್ಟಿರಬೇಕು.

"ನೀ ಹೋಗಿ ಬಾ. ಊರಿನ ತನಿಖಾ ನಾ ನೋಡ್ಕೋತೀನಿ" ಎಂದ ಹುಚ್ಚೀರಪ್ಪಜ್ಜ. ಆ ಮಾತಿಗೆ ಕಲ್ಲೇಶ ಹೆದರಬೇಕಿತ್ತು. ಆದರೆ ಕೊಪ್ಪಳದ ಮೇಲೆ ಗಂಗಾವತಿಗೆ ಹೋಗುವ ಬಸ್ಸು ಬಂದುಬಿಟ್ಟಿತ್ತು.

ಗಂಗಾವತಿಯ ಗಿರಣಿಯಲ್ಲಿ ವೆಂಕೋಬ ಶೆಟ್ಟರು ತೌಡಿನ ಚೀಲಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಂದವನಿಗೆ ಮೊದಲು ಮಜ್ಜಿಗೆ ಕೊಡಿಸಿದರು, ಆಮೇಲೆ ಪುಸ್ತಕ ತಿರುವಿ ನೋಡಿದರು.

"ಹೌದ್ರಿ, ನಂದ ಇದು. ಮನಿಗೆ ಸುಣ್ಣ ಹೊಡಸುವಾಗ ಒಂದು ಚೀಲ ಪುಸ್ತಕ ನಿಮ್ಮೂರಿಗೆ ಕಳಿಸಿದ್ದೆ."

"ಕೊಲೆಗಾರ ಯಾರಂತ ಹೇಳ್ರಿ ಸಾಹುಕಾರ್ರ. ಅಷ್ಟ ಸಾಕು, ಈಗಿಂದೀಗ ಹೋಗ್ತೀನಿ."

"ಅದು ನನಗ ಗೊತ್ತಿಲ್ಲ. ನಾ ಯಾವ ಪುಸ್ತಕಾನೂ ಮೊದಲು ಕೊನೇ ಹಾಳಿ ಓದ್ತೀನ್ರಿ. ಛಲೋ ಇದ್ರ ಮುಂದಿಂದು ಓದೂದು, ಇಲ್ಲಂದ್ರ ಇಲ್ಲ. ಇದನ್ನ ಕೊನೇ ಹಾಳಿ ಓದಿ ಮುಚ್ಚಿ ಒಗದಿದ್ದೆ."

ಕಲ್ಲೇಶ ಮಜ್ಜಿಗೆಯ ಲೋಟ ಕೆಳಗಿಟ್ಟ. "ಕೊನೇ ಹಾಳ್ಯಾಗ ಏನಿತ್ರಿ ಮತ್ತ?"

ಶೆಟ್ಟರು ಕಣ್ಣು ಮುಚ್ಚಿ ಯೋಚಿಸಿದರು. ಒಂದು ಲಾರಿ ತೂಕವಾಗಿ ಹೊರಗೆ ಹೋಯಿತು, ಇನ್ನೊಂದು ಒಳಗೆ ಬಂತು.

"ಏನಿತ್ತಂತ ನೆನಪಿಲ್ಲ. ಆದ್ರ ಓದಿ ಭಾಳ ಸಿಟ್ಟು ಬಂದಿತ್ರಿ. ಅದು ಮಾತ್ರ ಛಲೋ ನೆನಪೈತಿ."

ತಿರುಗಿ ಬರುವ ಬಸ್ಸಿನಲ್ಲಿ ಕಲ್ಲೇಶ ಕಿಟಕಿಗೆ ತಲೆಯಾನಿಸಿ, ಕೊನೆಯನ್ನು ತಾನೇ ಕಟ್ಟಿ ಓದುವುದೆಂದು ತೀರ್ಮಾನಿಸಿದ. ಹಾಗಾದರೆ ಕೊಲೆಗಾರ ಯಾರಾಗಬೇಕು? ಎರಡನೆಯ ಹೆಂಡತಿ ಎಂದರೆ ಹೆಂಗಸರ ಸಾಲು ಎದ್ದುಹೋಗುತ್ತದೆ, ಶೇಖರಮ್ಮ ಎಲ್ಲರಿಗಿಂತ ಮುಂದೆ. ಮೈದುನ ಎಂದರೆ ಗಂಡಸರು ಹುಗ್ಗಿ ಉಣ್ಣುವುದಿಲ್ಲ. ಕರೆಂಟಿನವ ಎಂದರೆ ಕಾಸೀಮಸಾಬ ಆರತಿಯ ಹೊತ್ತಿಗೆ ಫ್ಯೂಸು ಕೀಳುತ್ತಾನೆ. ಬಸ್ಸು ಭಾನಾಪುರದ ರೈಲ್ವೆ ಗೇಟಿಗೆ ಬಂದು ನಿಂತಾಗ ಅವನಿಗೆ ಹೊಳೆಯಿತು. ಊರಿನಲ್ಲಿ ಯಾರೂ ಪಕ್ಷ ವಹಿಸದವನು ಒಬ್ಬನಿದ್ದ: ಪತ್ತೆ ಮಾಡುತ್ತಿದ್ದ ಡಾಕ್ಟರ್ ಸದಾನಂದ. ಎಲ್ಲಾ ಹೆಣದ ಹತ್ತಿರವೂ ಮೊದಲು ಬರುವವನು ಅವನೇ, ಯಾವ ಸುಳಿವು ಹುಡುಕುತ್ತಾರೆಂದು ಬಲ್ಲವನೂ ಅವನೇ. ಕಲ್ಲೇಶನಿಗೆ ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಳ್ಳಬೇಕೆನಿಸಿತು.

ಊರಿಗೆ ಬಂದು ಇಳಿದರೆ ಗುಡಿಯಿಂದ ಬಸ್‌ಸ್ಟ್ಯಾಂಡಿನವರೆಗೆ ಜನ ಸಾಲುಗಟ್ಟಿ ನಿಂತಿದ್ದರು. ಎದುರು ಬಂದವರ ಬಲ ಹೆಬ್ಬೆರಳೆಲ್ಲ ನೀಲಿ.

ಸಾಲಿನ ತಲೆಯಲ್ಲಿ ಹುಚ್ಚೀರಪ್ಪಜ್ಜ ಗ್ರಂಥಾಲಯದ ಮೊಹರಿನ ಶಾಯಿಪೆಟ್ಟಿಗೆ ಇಟ್ಟುಕೊಂಡು, ತನ್ನ ಬಿಳಿ ಧೋತರ ಹಾಸಿ, ಬಂದವರ ಹೆಬ್ಬಟ್ಟು ಅದರ ಮೇಲೆ ಒತ್ತಿಸಿಕೊಳ್ಳುತ್ತಿದ್ದ. ಹೆಬ್ಬಟ್ಟು ಎಂದ ಮೇಲೆ ಸರಕಾರದ್ದೇ ಯಾವುದೋ ಯೋಜನೆ ಇರಬೇಕೆಂದು ಜನ ಯಾರೂ ಹೇಳದೆಯೇ ಸಾಲು ಹಚ್ಚಿದ್ದರು. ಸುದ್ದಿ ಪಕ್ಕದ ಹಳ್ಳಿಗೂ ಹೋಗಿ, ಒಂದು ಟ್ರ್ಯಾಕ್ಟರ್ ತುಂಬ ಹೆಂಗಸರು ಆಧಾರ್ ಕಾರ್ಡು ಹಿಡಿದು ಬಂದಿಳಿದಿದ್ದರು. ಬಂದವರು ಇನ್ನು ಮಂಗಲ ಮುಗಿಸಿಯೇ ಹೋಗುವವರು.

"ಇಡೀ ಊರಿಂದು ತಗೊಂಡೆ. ಎಲ್ಲಾರಿಗೂ ಗೆರಿ ಅದಾವು" ಎಂದು ಅಜ್ಜ ಕಲ್ಲೇಶನನ್ನು ಮೂಲೆಗೆ ಎಳೆದು ಪಿಸುಗುಟ್ಟಿದ. "ಶೇಖರಮ್ಮಂದೊಂದು ಬಿಟ್ಟೆ. ಆಕೀದು ಹೆಂಗಿದ್ರೂ ಎಲ್ಲೂ ಮೂಡಂಗಿಲ್ಲ, ಸುಮ್ಮನ ಶಾಯಿ ದಂಡ. ಕಳ್ಳ ಹೊರಗಿನಾಂವ ತಮ್ಮ, ಬರದಿಟ್ಕೋ."

ಕಲ್ಲೇಶನ ತಲೆ ಆಗ ಎಷ್ಟು ಕೆಟ್ಟಿತ್ತೆಂದರೆ, ಆ ಮಾತು ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಟುಹೋಯಿತು.

ದೀಪ ಹಚ್ಚುವ ಹೊತ್ತಿಗೆ ಕಟ್ಟೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಗೋವಿಂದರಾಜ ಇಸ್ತ್ರಿ ಮಾಡಿದ ಟವಲು ಹೆಗಲಿಗೆ ಹಾಕಿ, ಹೋರಿ ಕೊಳ್ಳಲು ಬಂದವನಂತೆ ಕಲ್ಲೇಶನನ್ನು ಮೇಲಿನಿಂದ ಕೆಳಗಿನವರೆಗೆ ನೋಡುತ್ತ ಕೂತಿದ್ದ. ಕಲ್ಲೇಶ ಪುಸ್ತಕದ ಕೊನೆಗೆ ದಾಳಿಂಬೆ ಬೆಳೆಯ ಒಂದು ಕೈಪಿಡಿ ಸೇರಿಸಿಕೊಂಡಿದ್ದ, ಹಾಳೆ ತಿರುವಲು ಏನಾದರೂ ಬೇಕಿತ್ತಲ್ಲ. ಉಳಿದಿದ್ದ ನಿಜವಾದ ಹಾಳೆಗಳನ್ನು ಓದಿ ಮುಗಿಸಿದ. ಡಾಕ್ಟರ್ ಸದಾನಂದ ತನ್ನ ತಂಡದೊಂದಿಗೆ ಕತ್ತಲೆಯ ಬಂಗಲೆಗೆ ಬಂದು ಕೊನೆಯ ಕೋಣೆಯ ಬಾಗಿಲ ಮುಂದೆ ನಿಂತಿದ್ದ. ಮುಂದಿನದು ಕಲ್ಲೇಶನ ಹಣೆಬರಹ.

"ಡಾಕ್ಟರ್ ಸದಾನಂದ ಮೆಲ್ಲಗೆ ಬಾಗಿಲು ನೂಕಿದ" ಎಂದು ಓದಿದ.

ಪುಸ್ತಕದಲ್ಲಿ ಏನೂ ಇಲ್ಲವೆಂದು ಗೊತ್ತಿದ್ದ ಹುಚ್ಚೀರಪ್ಪಜ್ಜನಿಗೆ ತನ್ನ ಪಕ್ಷ ಗೆಲ್ಲಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. "ಅಂದ್ರ, ಒಳಗ ಎರಡನೇ ಹೆಣತಿ ಕುಂತಿದ್ಲು ಅಂತ ಅರ್ಥ" ಎಂದ.

"ಕೋಣೆಯಲ್ಲಿ ಯಾರೂ ಇರಲಿಲ್ಲ."

"ಅಂದ್ರ, ಮಂಚದ ಕೆಳಗ ಅಡಗಿದ್ಲು."

"ಆ ಕೋಣೆಯಲ್ಲಿ ಮಂಚವೇ ಇರಲಿಲ್ಲ" ಎಂದು ಕಲ್ಲೇಶ ಹಲ್ಲು ಕಚ್ಚಿ ಓದಿದ. "ಮೂಲೆಯಲ್ಲಿ ಒಂದು ಬಾಟಲಿ ಇತ್ತು. ಅದರಲ್ಲಿದ್ದ ವಿಷವನ್ನು..." ಇಲ್ಲಿ ಅವನ ಕಣ್ಣು ಕೈಪಿಡಿಯ ಮೇಲೆ ಜಾರಿತು. "ಹೂ ಬಿಡುವ ಹಂತದಲ್ಲಿ, ಬಿಸಿಲು ಏರುವ ಮುನ್ನ ಸಿಂಪಡಿಸತಕ್ಕದ್ದು."

ಗಂಡಸರು ತಲೆಯಾಡಿಸಿದರು. "ಖರೇ ಐತಿ. ಬಿಸಿಲಾಗ ಹೊಡದ್ರ ಎಲಿ ಸುಡ್ತಾವು" ಎಂದು ಒಬ್ಬ ರೈತ ಪಕ್ಕದವನಿಗೆ ಹೇಳಿದ. ಕಲ್ಲೇಶ ಬೆವರು ಒರೆಸಿಕೊಂಡು, ಅಜ್ಜನಿಗೆ ಬಾಯಿ ಹಾಕಲು ಸಂದು ಕೊಡದೆ, ಒಂದೇ ಉಸಿರಿಗೆ ಕತೆಯನ್ನು ದಡಕ್ಕೆ ಎಳೆದ. ಬಾಟಲಿಯ ಮೇಲೆ ಡಾಕ್ಟರನ ಬೆರಳಚ್ಚೇ ಸಿಕ್ಕಿತು. ತಂಡದವರು ತಿರುಗಿ ತಮ್ಮ ಗುರುವಿನ ಮುಖ ನೋಡಿದರು. ಡಾಕ್ಟರ್ ಸದಾನಂದ ನಗುತ್ತ ಎರಡೂ ಕೈ ಮುಂದೆ ಚಾಚಿದ, ಬೇಡಿ ಬಿದ್ದವು. ಕೊಲೆಗಾರನನ್ನು ಹುಡುಕುತ್ತಿದ್ದವನೇ ಕೊಲೆಗಾರನಾಗಿದ್ದ.

ಕಲ್ಲೇಶ ಪುಸ್ತಕ ಮುಚ್ಚಿ ಕಣ್ಣೂ ಮುಚ್ಚಿದ.

"ನನಗ ಮೊದಲ ಅನುಮಾನಿತ್ತು" ಎಂದಿತು ಹಿಂದಿನಿಂದ ಒಂದು ದನಿ. "ನನಗೂ" ಎಂದಿತು ಇನ್ನೊಂದು. ನೋಡನೋಡುತ್ತ ಅಲ್ಲಿದ್ದವರಿಗೆಲ್ಲ ಮೊದಲೇ ಅನುಮಾನವಿತ್ತೆಂದು ತಿಳಿದುಬಂತು. ಯಾವ ಪಕ್ಷವೂ ಗೆಲ್ಲದ್ದರಿಂದ ಯಾವ ಪಕ್ಷವೂ ಸೋಲಲಿಲ್ಲ. ಕಾಸೀಮಸಾಬ ಕಂಬ ಬಿಟ್ಟು ಬಂದು ಕಲ್ಲೇಶನ ಕೈ ಹಿಡಿದು, "ಕರೆಂಟಿನಾವ್ರ ಮಾನ ಉಳೀತ್ರಿ" ಎಂದ. ಆರತಿ ಎತ್ತಿದರು. ಗೋವಿಂದರಾಜ ಹಿಂದಕ್ಕೆ ತಿರುಗಿ ತಂಗಿಗೆ ತಲೆಯಾಡಿಸಿದ್ದನ್ನು ಕಲ್ಲೇಶ ಓರೆಗಣ್ಣಿನಿಂದ ನೋಡಿದ. ಬೆಳಗಿನಿಂದ ಎದೆಯ ಮೇಲೆ ಹೇರಿಕೊಂಡಿದ್ದ ಕಲ್ಲು ಇಳಿದು, ಅವನಿಗೆ ಹಾಡಬೇಕೆನ್ನುವಷ್ಟು ಹಗುರಾಯಿತು. ಇಷ್ಟು ಸುಲಭಕ್ಕೆ ಪಾರಾದೆನೇ ಎಂದು ನಂಬಿಕೆಯೇ ಬರಲಿಲ್ಲ.

ಪಂಕ್ತಿ ಕೂತಿತು. ಗಂಗಾ ಹುಗ್ಗಿಯ ಬಕೀಟು ಹಿಡಿದು ಬಡಿಸುತ್ತ ಕಲ್ಲೇಶನ ಮುಂದೆ ಬಂದು ನಿಂತಳು. ಅವನು ಎಲೆ ಮುಂದಕ್ಕೆ ಸರಿಸಿದ. ಸೌಟು ಗಾಳಿಯಲ್ಲೇ ನಿಂತಿತು.

"ಒಂದು ಕೇಳ್ಲೇನ್ರಿ? ಮೂರನೇ ದಿನ ನೀವ ಓದಿದ್ರಿ. ಮೊದಲನೇ ಕೊಲಿ ಆದಾಗ ಡಾಕ್ಟರ್ರು ಕಾಲು ಮುರಕೊಂಡು ಬಳ್ಳಾರಿ ದವಾಖಾನ್ಯಾಗ ಮಲಗಿದ್ರು. ಮತ್ತ ಕೊಲಿ ಹೆಂಗ ಮಾಡಿದ್ರು?"

ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಬಾಯಿಗೆ ಹೋಗುತ್ತಿದ್ದ ಕೈಗಳು ನಿಂತವು. ನೀಲಿ ಹೆಬ್ಬೆರಳಿನ ಊರೆಲ್ಲ ಕಲ್ಲೇಶನನ್ನೇ ನೋಡಿತು. ಗೋವಿಂದರಾಜ ಟವಲು ಸರಿಮಾಡಿಕೊಂಡ. ಕಲ್ಲೇಶನ ತಲೆಯಲ್ಲಿ ಏನೂ ಇರಲಿಲ್ಲ, ಆದರೂ ಬಾಯಿ ತಾನಾಗಿ ತೆರೆದುಕೊಂಡಿತು.

"ಅದು... ಅದು ಎರಡನೇ ಭಾಗದಾಗ ಬರ್ತೈತಿ."

"ಎರಡನೇ ಭಾಗ ಐತೇನು?" ಎಂದು ಹತ್ತಾರು ದನಿ ಒಟ್ಟಿಗೆ ಕೇಳಿದವು. ಮರುಗಳಿಗೆಯಲ್ಲಿ ಪಂಕ್ತಿಯ ಮೇಲೆ ಹಬ್ಬ ಇಳಿದುಬಂತು. ಹುಚ್ಚೀರಪ್ಪಜ್ಜ ಎದ್ದು ನಿಂತು, ಎರಡನೆಯ ಭಾಗದ ಓದು ಈ ಗಳಿಗೆಯಿಂದಲೇ ಹಿಡಿದಂತೆ ಎಂದು ಸಾರಿ, ಮುಹೂರ್ತದ ತೆಂಗಿನಕಾಯಿಯನ್ನು ಅಲ್ಲೇ ಒಡೆದ. ಟ್ರ್ಯಾಕ್ಟರಿನಲ್ಲಿ ಬಂದ ಹೆಂಗಸರು ಬರುವ ಸೋಮವಾರ ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಿಕೊಂಡರು. ಹೇಗೋ ಉಳಿದುಕೊಂಡೆ ಎಂದು ಕಲ್ಲೇಶ ಗಂಗಾ ಬಡಿಸಿದ ಹುಗ್ಗಿಗೆ ಕೈ ಹಾಕಿದ, ಬಹಳ ರುಚಿಯಾಗಿತ್ತು.

ಊಟ ಮುಗಿದು ಕೈ ತೊಳೆಯುತ್ತಿದ್ದವನನ್ನು ಶೇಖರಮ್ಮ ಗುಡಿಯ ಹಿಂದಕ್ಕೆ ಕರೆದರು. ಸೆರಗಿನ ಗಂಟಿನಿಂದ ಮಡಚಿದ ಹಾಳೆಗಳನ್ನು ತೆಗೆದು ಅವನ ಕೈಯಲ್ಲಿಟ್ಟರು. ಹಾಳೆಯ ತುಂಬ ದೀಪದೆಣ್ಣೆಯ ವಾಸನೆ. ಕಲ್ಲೇಶ ಹಾಳೆ ನೋಡಿದ, ಅವರ ಹೆಬ್ಬೆರಳು ನೋಡಿದ. ರೊಟ್ಟಿ ಬಡಿದು ನುಣುಪಾದ ಬೆರಳು. ಬೆಳಗಿನಿಂದ ಅಜ್ಜ ಇಡೀ ಊರಿನಲ್ಲಿ ಹುಡುಕುತ್ತಿದ್ದ ಬೆರಳು.

"ನೀವ ಹರದ್ರೇನು?"

"ಮೆಲ್ಲಗ ಮಾತಾಡು. ಇಣುಕಬಾರದಂತ ನೇಮ ಮಾಡಿದಾಕಿ ನಾನ, ಇಣುಕಿದಾಕೀನೂ ನಾನ. ಮಗಳ ಮಾತು ಎತ್ತೂ ದಿನ, ಪುಸ್ತಕದಾಗ ಕೆಟ್ಟದ್ದೇನಾರ ಬರ್ತೈತೇನಂತ ಮುಂಜಾನಿ ಎಣ್ಣಿ ಹಾಕಾಕ ಬಂದಾಗ ನೋಡಿಬಿಟ್ಟೆ. ಕೊನೇ ಸಾಲು ಓದು."

ಕಲ್ಲೇಶ ದೀಪದ ಹತ್ತಿರ ಹಿಡಿದು ಓದಿದ. ಬಾಗಿಲು ತೆರೆಯಿತು, ಒಳಗಿದ್ದವರನ್ನು ಕಂಡು ಡಾಕ್ಟರ್ ಸದಾನಂದ ಬೆಚ್ಚಿಬಿದ್ದ ಎಂದಿತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ಕೊಲೆಗಾರ ಯಾರು? ಎರಡನೆಯ ಭಾಗದಲ್ಲಿ ಓದಿರಿ. ಗಂಗಾವತಿಯ ಶೆಟ್ಟರಿಗೆ ಬಂದ ಸಿಟ್ಟಿನ ಅರ್ಥ ಅವನಿಗೆ ಆಗ ಆಯಿತು. ಎರಡನೆಯ ಭಾಗ ಬರೆಯುವ ಮೊದಲೇ ಕಾದಂಬರಿಕಾರ ಪುಣ್ಯಾತ್ಮ ಕಣ್ಣು ಮುಚ್ಚಿದ್ದ.

"ಎದಿ ಧಸಕ್ಕಂತು ನನಗ" ಎಂದರು ಶೇಖರಮ್ಮ. "ಇದನ್ನ ನೀ ಓದಿದ್ರ ಊರು ಸುಮ್ಮನ ಬಿಡ್ತಿತ್ತೇನು? ಎರಡನೇ ಭಾಗ ತಾ ಅಂತ ಕೊರಳಿಗೆ ಬೀಳ್ತಿತ್ತು. ಹಾಳಿ ಇಲ್ಲಂದ್ರ ನೀನ ಏನಾರ ಕಟ್ಟಿ ಓದಿ ಮುಗಸ್ತಿ, ನಿನ್ನ ಬಾಯಿಗೆ ಆ ಶಕ್ತಿ ಐತಂತ ಹರದೆ. ಗುಟ್ಟಾಗಿ ಹೇಳೂಣಂದ್ರ ನೀ ಗಂಗಾವತಿ ಬಸ್ಸು ಹತ್ತಿದ್ದಿ. ಛಂದ ಮುಗಿಸಿದ್ದಿ, ಅಣ್ಣನೂ ಒಪ್ಪಿದ್ದ. ಎರಡನೇ ಭಾಗದಿಂದ ನಿನ್ನ ಪಾರು ಮಾಡಾಕ ನಾ ಇಷ್ಟು ಮಾಡಿದ್ರ, ನೀನ ಹೋಗಿ ಅದರಾಗ ಬಿದ್ದಿ."

ಕಲ್ಲೇಶನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಳ್ಳತನವನ್ನು ತನಗಾಗಿಯೇ ಮಾಡಿದ್ದರು ಎಂದು ತಿಳಿದು ಹಾಳೆಗಳನ್ನು ಮಡಚಿ ಜೇಬಿನಲ್ಲಿ ಭದ್ರವಾಗಿಟ್ಟ. ಅದರ ಜೊತೆಗೇ ಇನ್ನೊಂದು ಸಂಗತಿಯೂ ನೆನಪಿಗೆ ಬಂತು.

"ಮತ್ತ... ಗಂಗಾನ ಮಾತು?"

"ಅದ್ಹೆಂಗ ಆಡೂದು? ಕಾಯಿ ಒಡದು ಓದು ಹಿಡದಾಗೈತಿ. ಇನ್ನ ಮಂಗಲ ಆಗೂತನಕ ಮದುವಿ ಮಾತು ಎತ್ತಂಗಿಲ್ಲ. ಅಣ್ಣ ಬೆಳಗಿನ ಬಸ್ಸಿಗೆ ಕುಷ್ಟಗಿಗೆ ಹೊಂಟಾನ."

"ಎರಡು ದಿನದಾಗ ಮುಗಿಸಿಬಿಡ್ಲೇನ್ರಿ?"

"ಮೊದಲನೇದು ತಿಂಗಳ ಮ್ಯಾಲ ನಡೀತು. ಅದಕ್ಕಿಂತ ಕಡಿಮಿ ಆದ್ರ ಊರು ಕೇಳಂಗಿಲ್ಲ" ಎಂದರು ಶೇಖರಮ್ಮ. ಆಮೇಲೆ ಸೆರಗು ಸರಿಮಾಡಿಕೊಂಡು, "ನಾನೂ ಕೇಳಂಗಿಲ್ಲ" ಎಂದು ಸೇರಿಸಿದರು.

ಖಾಲಿ ಬಕೀಟು ಹಿಡಿದು ಗಂಗಾ ಗುಡಿಯ ಮಗ್ಗುಲಿಂದ ಹಾದುಹೋದಳು. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ ಬಸವಣ್ಣನೇ ಬಲ್ಲ. "ಅವ್ವಾ, ಎರಡನೇ ಭಾಗದಾಗ ಪತ್ತೆ ಮಾಡಾಕಿ ಒಬ್ಬಾಕಿ ಹೆಣ್ಮಗಳು ಇರ್ಲಿ ಅಂತ ಹೇಳು" ಎಂದಳು, ಅವ್ವನ ಕಡೆ ನೋಡದೆ.

ಕಲ್ಲೇಶ ಗ್ರಂಥಾಲಯದ ಮೆಟ್ಟಿಲ ಮೇಲೆ ಬಂದು ಕೂತ. ಬೆಳಿಗ್ಗೆ ಎದ್ದಾಗ ಅವನಿಗೆ ಮದುವೆಯಾಗಿರಲಿಲ್ಲ, ಕೊಲೆಗಾರನೂ ಸಿಕ್ಕಿರಲಿಲ್ಲ. ಈಗಲೂ ಅಷ್ಟೇ. ಆದರೆ ಮಾನ ಉಳಿದಿತ್ತು, ಹೊಟ್ಟೆ ತುಂಬಿತ್ತು, ಮೂರನೆಯ ದಿನ ತಾನು ಓದಿದ ಸಾಲನ್ನು ನೆನಪಿಟ್ಟುಕೊಂಡ ಹುಡುಗಿಯೊಬ್ಬಳು ಆ ಊರಿನಲ್ಲಿದ್ದಳು. ಅದಕ್ಕಾಗಿ ಒಂದು ತಿಂಗಳ ಸುಳ್ಳು ಕಟ್ಟುವುದು ದೊಡ್ಡ ಕಷ್ಟವೇನಲ್ಲ ಎಂದು ಸಮಾಧಾನವಾಯಿತು. ಗುಡಿಯ ಕಡೆಯಿಂದ ಹುಚ್ಚೀರಪ್ಪಜ್ಜನ ದನಿ ಕೇಳಿಸುತ್ತಿತ್ತು. ಬರೆಯದ ಪುಸ್ತಕಕ್ಕೆ ಆಗಲೇ ಅರ್ಥ ಹೇಳುತ್ತಿದ್ದ.

ಎರಡನೆಯ ಭಾಗ ಹೇಗೆ ಮುಗಿಯುತ್ತದೋ ಕಲ್ಲೇಶನಿಗೆ ಗೊತ್ತಿರಲಿಲ್ಲ. ಆದರೆ ಮೊದಲ ಅಧ್ಯಾಯದಲ್ಲಿ, ಗುಡಿಯ ಕಟ್ಟೆಯ ಮೇಲೆ ಕೂತು ಪುರಾಣಕ್ಕೆ ಅರ್ಥ ಹೇಳುವ ಒಬ್ಬ ಮುದುಕನ ಕೊಲೆಯಾಗುವುದು ಖಚಿತವಾಗಿತ್ತು.